ಹದಿನೇಳನೇ ಮನೆಯ ತಾಳೆ

ಮನೆಗಳ ವಿದ್ಯುತ್ ಬಳಕೆಗೆ ದರ್ಜೆ ಕೊಡುವ ನಮ್ಮ ಇಲಾಖೆಯ ಇಷ್ಟು ವರ್ಷಗಳ ಇತಿಹಾಸದಲ್ಲಿ, ತಾನೇ ಕೊಟ್ಟ ದರ್ಜೆಯನ್ನು ಸುಮ್ಮನೆ ನಂಬದೆ ಮತ್ತೆ ಅದೇ ಮನೆಯ ಬಾಗಿಲು ತಟ್ಟಿ, ನಿಜವಾಗಿ ಎಷ್ಟು ಬಳಸಿದಿರಿ ಎಂದು ಕೇಳಿದ ಮೊಟ್ಟಮೊದಲ ಅಧಿಕಾರಿ ಎಂಬ ಹಿರಿಮೆ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಪರಿವೀಕ್ಷಕರಿಗೆ ಸಲ್ಲಬೇಕು. ಕಾಗದಪತ್ರಗಳಲ್ಲಿ ಅವರ ಹುದ್ದೆಗೆ ಒಂದೂವರೆ ಸಾಲಿನ ಹೆಸರಿದೆ. ನಮ್ಮೆಲ್ಲರ ಬಾಯಲ್ಲಿ ಮಾತ್ರ ಅವರು ತಾಳೆ ಸಾಹೇಬರು. ಕಾಗದದ ಮೇಲಿನ ಅಂಕಿಯನ್ನೂ ಮೀಟರಿನ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲವಾದ್ದರಿಂದ ಬಂದ ಹೆಸರು ಅದು. ಅವರನ್ನು ಈ ಕ್ಷೇತ್ರದ ಅಗ್ರಗಣ್ಯರೆಂದು ಕರೆಯಬೇಕೋ, ಕ್ಷೇತ್ರದ ತಲೆನೋವೆಂದು ಕರೆಯಬೇಕೋ ಎಂಬ ವಿಷಯದಲ್ಲಿ ಇಲಾಖೆಯೊಳಗೆ ಇವತ್ತಿಗೂ ಒಮ್ಮತವಿಲ್ಲ.

ಅಭಿನಂದನ ಗ್ರಂಥದ ಸಂಪಾದಕ ಮಂಡಳಿ ನನಗೆ ಕೊಟ್ಟ ಸೂಚನೆ ಸರಳವಾಗಿತ್ತು: ಬರಹ ಗೌರವಯುತವಾಗಿರಲಿ, ಎಂಟು ಪುಟ ಮೀರದಿರಲಿ, ಒಂದೆರಡು ಸ್ವಾರಸ್ಯದ ಪ್ರಸಂಗಗಳಿರಲಿ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಐದನೆಯ ಪ್ರತಿಯನ್ನು ಓದಿದ ನನ್ನ ಯಜಮಾನರು ಕನ್ನಡಕ ತೆಗೆದು, "ಇದೇನು, ಅಭಿನಂದನೇನೋ ತಪ್ಪೊಪ್ಪಿಗೆಯೋ? ಮೊದಲು ಅದನ್ನ ತೀರ್ಮಾನ ಮಾಡ್ಕೋ" ಎಂದರು. ನನಗೆ ತೀರ್ಮಾನವಾಗಲಿಲ್ಲ. ಸಾಹೇಬರು ಕಳೆದ ಆರು ತಿಂಗಳಿನಿಂದ ಸಿಕ್ಕಸಿಕ್ಕವರಿಗೆಲ್ಲ, ನಿವೃತ್ತಿಯ ನಂತರದ ತಮ್ಮ ಕಾಲವನ್ನೆಲ್ಲ ಹದಿನೇಳನೇ ಮನೆ ಎಂಬ ಒಂದೇ ಒಂದು ಒಗಟನ್ನು ಬಿಡಿಸಲು ಮುಡಿಪಾಗಿಡುವುದಾಗಿ ಹೇಳಿಕೊಂಡು ಓಡಾಡುತ್ತಿದ್ದಾರೆ. ಆ ಒಗಟನ್ನು ಹುಟ್ಟಿಹಾಕಿದವಳು ನಾನು. ಇದನ್ನು ಬಚ್ಚಿಟ್ಟು ಅವರಿಗೆ ದೀರ್ಘಾಯುಷ್ಯ ಕೋರಿದರೆ, ಆ ಆಯುಷ್ಯವನ್ನೆಲ್ಲ ನನ್ನ ತಪ್ಪಿನ ಹಿಂದೆ ಕಳೆಯಿರಿ ಎಂದು ಹಾರೈಸಿದಂತಾಗುತ್ತದೆ. ಆದ್ದರಿಂದ ಎರಡನ್ನೂ ಇಲ್ಲೇ ಬರೆಯುತ್ತಿದ್ದೇನೆ. ಎಂಟು ಪುಟ ಮೀರಿದರೆ ಮಂಡಳಿ ಕ್ಷಮಿಸಬೇಕು.

ಸಾಹೇಬರು ಸೇವೆಗೆ ಸೇರಿದ್ದು ಮೀಟರ್ ರಿಪೇರಿ ವಿಭಾಗದಲ್ಲಿ. ಕಿಟಕಿಯ ಪಕ್ಕದ ಉದ್ದ ಮೇಜಿನ ಮುಂದೆ ಕೂತು, ಕೆಟ್ಟ ಮೀಟರುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ಕೆಲಸದಲ್ಲಿ ಅವರು ಹನ್ನೆರಡು ವರ್ಷ ಕಳೆದರು. ಮೀಟರಿನ ಮೇಲೆ ಅವರಿಗಿದ್ದ ವಿಶ್ವಾಸ ಆ ಮೇಜಿನಿಂದಲೇ ಬಂದದ್ದು. "ಮೀಟರಿಗೆ ಸುಳ್ಳು ಹೇಳೋಕೆ ಬರಲ್ಲಮ್ಮ. ಕೆಟ್ಟರೆ ಸುಮ್ಮನೆ ನಿಂತುಬಿಡತ್ತೆ, ಅಷ್ಟೆ" ಎಂದು ಅವರು ಅನ್ನುವುದನ್ನು ಕೇಳದವರು ನಮ್ಮ ಕಚೇರಿಯಲ್ಲಿ ಯಾರೂ ಇಲ್ಲ. ಮುಂದೆ ಮನೆಗಳಿಗೆ ದರ್ಜೆ ಕೊಡುವ ಯೋಜನೆ ಬಂದಾಗ, ಕೈ ಸ್ಥಿರವಾಗಿದೆ, ಅಕ್ಷರ ದುಂಡಗಿದೆ ಎಂಬ ಎರಡೇ ಕಾರಣಕ್ಕೆ ಅವರನ್ನು ಹೊಸ ವಿಭಾಗಕ್ಕೆ ಹಾಕಿದರಂತೆ. ಹಾಕಿದವರು ಆಮೇಲೆ ಎಷ್ಟು ಪಶ್ಚಾತ್ತಾಪಪಟ್ಟರೋ ನನಗೆ ತಿಳಿಯದು.

ದರ್ಜೆ ಕೊಡುವ ಬಗೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಪರಿವೀಕ್ಷಕರು ಮನೆಗೆ ಹೋಗಿ ಕಿಟಕಿ, ಗೋಡೆ, ಛಾವಣಿ, ಹೀಟರು ಎಲ್ಲವನ್ನೂ ಅಳೆದು ನಾಲ್ಕು ಪುಟದ ನಮೂನೆ ತುಂಬುತ್ತಾರೆ. ಆ ನಮೂನೆಯಿಂದ, ಈ ಮನೆಗೆ ವರ್ಷಕ್ಕೆ ಇಷ್ಟು ಯೂನಿಟ್ ಬೇಕು ಎಂಬ ಒಂದು ಅಂಕಿ ಹೊರಬೀಳುತ್ತದೆ. ಅಂಕಿ ಚಿಕ್ಕದಾದರೆ ಒಂದನೇ ದರ್ಜೆ, ದೊಡ್ಡದಾಗುತ್ತ ಹೋದರೆ ಏಳನೇ ದರ್ಜೆ. ಕಾಣದ್ದನ್ನು ಊಹಿಸಲು ಅವಕಾಶವಿದೆ. ಉದಾಹರಣೆಗೆ, ಗೋಡೆಯ ಒಳಗೆ ಚಳಿ ತಡೆಯುವ ಹೊದಿಕೆ ತುಂಬಿದೆಯೋ ಇಲ್ಲವೋ ಎಂದು ಕೊರೆದು ನೋಡುವವರು ಯಾರು? ಮನೆ ಕಟ್ಟಿದ ವರ್ಷ ನೋಡಿ, ಇರಬೇಕು ಎಂದು ಬರೆದುಬಿಡುತ್ತೇವೆ.

ಇನ್ನೊಂದು ಸಂಗತಿಯೆಂದರೆ, ಆ ಲೆಕ್ಕದೊಳಗೆ ಒಂದು ಸಂಸಾರವೂ ಕೂತಿದೆ. ಯಾವ ಮನೆಯನ್ನೇ ಅಳೆಯಿರಿ, ಅದರಲ್ಲಿ ಇರುವವರು ಅದೇ ಸಂಸಾರ ಎಂದು ಲೆಕ್ಕ ಹಿಡಿಯುತ್ತದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಎಲ್ಲ ಕೋಣೆಯೂ ಹದವಾಗಿ ಬೆಚ್ಚಗೆ. ದಿನಕ್ಕೆ ಇಷ್ಟೇ ಬಿಸಿನೀರು. ಅಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರ ಅತ್ತೆಯೂ ಬಂದು ಮೂರು ತಿಂಗಳು ಠಿಕಾಣಿ ಹೂಡುವುದಿಲ್ಲ, ಯಾರೂ ಹೀಟರ್ ಹಾಕಿ ಕಿಟಕಿ ತೆರೆಯುವುದಿಲ್ಲ. ಸಾಹೇಬರು ಇದಕ್ಕೆ ಕಾಗದದ ಸಂಸಾರ ಎಂದು ಹೆಸರಿಟ್ಟರು. "ಈ ಕಾಗದದ ಸಂಸಾರದ ಯಜಮಾನ ಎಲ್ಲಾದ್ರೂ ಸಿಕ್ಕಿದ್ರೆ ನನಗೂ ತಿಳಿಸ್ರಪ್ಪಾ, ಒಂದ್ಸಲ ಕೈ ಮುಗಿದು ಬರ್ತೀನಿ" ಎಂದು ಅವರು ತಮಾಷೆಗೆ ಅನ್ನುತ್ತಿದ್ದರೆಂದು ನಾವೆಲ್ಲ ತಿಳಿದಿದ್ದೆವು. ಅವರು ನಿಜವಾಗಿಯೂ ಹುಡುಕುತ್ತಿದ್ದರು.

ನಾನು ಅವರ ಕೈಕೆಳಗೆ ಸೇರಿದ್ದು ಹದಿಮೂರು ವರ್ಷಗಳ ಹಿಂದೆ. ಸೇರಿದ ಮೊದಲ ವಾರದಲ್ಲೇ ಮೂರನೇ ಮಹಡಿಯ ಮನೆಯನ್ನು ಅಳೆಯಲು ಹೋಗಿ ಎದುರು ಬಾಗಿಲಿನ ಮನೆಯನ್ನು ಪೂರ್ತಿ ಅಳೆದು ಬಂದೆ. ಆ ಮನೆಯವರೂ, ಯಾರೋ ಸರ್ಕಾರದವರು ಬಂದಿದ್ದಾರೆ, ಅಳೆದುಕೊಳ್ಳಲಿ ಬಿಡು ಎಂದು ಕುರ್ಚಿಗಳನ್ನು ಸರಿಸಿಕೊಟ್ಟು ಸಹಕರಿಸಿದರು. ದರ್ಜೆ ಪತ್ರ ಮಾತ್ರ ನಿಜವಾಗಿ ಕೇಳಿದ್ದವರ ಹೆಸರಿಗೆ ಹೋಯಿತು, ದೂರು ಬಂತು. ನನ್ನನ್ನು ಪಕ್ಕಕ್ಕೆ ಸರಿಸಿ ಸಾಹೇಬರು ನಿರ್ದೇಶಕರೆದುರು, "ಬಾಗಿಲು ತಪ್ಪು ತೋರಿಸಿದ್ದು ನಾನೇ ಸರ್" ಎಂದರು. ಅಂದು ಅವರು ನನ್ನ ಜೊತೆ ಬಂದೇ ಇರಲಿಲ್ಲ. ಆ ಕಾರಣಕ್ಕೆ ಅವರಿಗೊಂದು ಎಚ್ಚರಿಕೆ ಪತ್ರ ಬಂತು. ಮೂರೂವರೆ ದಶಕಗಳ ಸೇವೆಯಲ್ಲಿ ಅವರ ಕಡತದಲ್ಲಿರುವ ಒಂದೇ ಒಂದು ಕಪ್ಪುಚುಕ್ಕೆ ಅದು, ಮತ್ತು ಅದು ನನ್ನದು. ಈ ಉಪಕಾರವನ್ನು ಇಲ್ಲಿ ಮೊದಲೇ ಹೇಳಲು ಕಾರಣವಿದೆ. ಎರಡನೆಯ ತಪ್ಪನ್ನು ನಾನು ಅವರಿಗೆ ಹೇಳದೆ ಉಳಿದದ್ದು ಈ ಮೊದಲನೆಯದರ ನಾಚಿಕೆಯಿಂದ.

ಮನೆಗಳನ್ನು ನೋಡುವುದರಲ್ಲಿ ಅವರದೇ ಒಂದು ಕ್ರಮವಿತ್ತು. ಹೇಳದೆ ಕೇಳದೆ ಯಾರ ಮನೆಗೂ ನುಗ್ಗಬಾರದೆಂಬುದು ಅವರ ಕಟ್ಟುನಿಟ್ಟಿನ ನಿಯಮ. ವಾರ ಮೊದಲೇ ಒಂದು ಕಾರ್ಡ್ ಬರೆದುಹಾಕುತ್ತಿದ್ದರು. ಹೋದಮೇಲೆ ಚೀಲದಿಂದ ಟೇಪು ತೆಗೆಯುವ ಮೊದಲು, "ನೀವು ದಿನಾ ಎಲ್ಲಿ ಕೂರ್ತೀರಿ?" ಎಂದು ಕೇಳುತ್ತಿದ್ದರು. ಮನೆಯವರು ಯಾವ ಜಾಗ ತೋರಿಸಿದರೂ, ಅದು ಸೋಫಾ ಆಗಲಿ, ಮಂಚದ ಅಂಚಾಗಲಿ, ಅಲ್ಲಿ ಒಂದು ಗಂಟೆ ಸುಮ್ಮನೆ ಕೂರುತ್ತಿದ್ದರು. ಪಾದಕ್ಕೆ ಗಾಳಿ ಬರುತ್ತದೆಯೇ, ಬೆನ್ನಿಗೆ ಗೋಡೆ ತಣ್ಣಗಿದೆಯೇ, ಕುರ್ಚಿಯ ಕೈ ಎಲ್ಲಿ ಸವೆದಿದೆ ಎಂಬುದೆಲ್ಲ ಅವರ ಕಪ್ಪು ರಟ್ಟಿನ ಪುಸ್ತಕಕ್ಕೆ ಹೋಗುತ್ತಿತ್ತು. ನಾಲ್ಕು ಪುಟದ ನಮೂನೆಯಲ್ಲಿ ಕುರ್ಚಿಗೆ ಕಾಲಂ ಇಲ್ಲ ಸರ್ ಎಂದು ನಾನು ನೆನಪಿಸಿದಾಗ, ಅದಕ್ಕೇ ಈ ಪುಸ್ತಕ ಎಂದರು.

ಅವರ ಹೆಸರನ್ನು ಇಲಾಖೆಯ ಆಚೆಗೂ ಒಯ್ದ ಅರವತ್ತು ಮನೆಗಳ ಸಮೀಕ್ಷೆ ನಡೆದದ್ದು ನಾನು ಸೇರಿದ ಮರುವರ್ಷ. ದರ್ಜೆ ಪಡೆದ ಅರವತ್ತು ಮನೆಗಳನ್ನು ಆರಿಸಿ, ಕಾಗದ ಹೇಳಿದ ಅಂಕಿಯ ಎದುರಿಗೆ ಆ ಮನೆ ಹನ್ನೆರಡು ತಿಂಗಳು ನಿಜವಾಗಿ ಬಳಸಿದ ಅಂಕಿಯನ್ನು ಬರೆಯುವುದು; ಇಷ್ಟೇ ಕೆಲಸ. ಬಂದ ಫಲಿತಾಂಶ ನೋಡಿ ಎಲ್ಲರ ತಲೆ ಕೆಟ್ಟುಹೋಯಿತು. ಒಂದನೇ ದರ್ಜೆಯ ಮನೆಗಳು ಕಾಗದ ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ನುಂಗಿದ್ದವು. ಹೇಗೂ ಒಳ್ಳೆಯ ಮನೆಯಲ್ಲವೇ ಎಂದು ಜನ ಚಳಿಗಾಲದಲ್ಲಿ ಬನಿಯನ್ನಿನಲ್ಲಿ ಓಡಾಡುತ್ತಿದ್ದರು. ಏಳನೇ ದರ್ಜೆಯ ಮನೆಗಳು ಕಾಗದ ಹೆದರಿಸಿದ್ದರಲ್ಲಿ ಅರ್ಧವನ್ನೂ ಮುಟ್ಟಿರಲಿಲ್ಲ. ಎಷ್ಟು ಹಾಕಿದರೂ ಬೆಚ್ಚಗಾಗದೆಂದು ಬಲ್ಲವರು ಹೀಟರಿನ ಗೊಡವೆಗೇ ಹೋಗದೆ ಒಂದೇ ಕೋಣೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಒಟ್ಟಿನಲ್ಲಿ ಕೆಟ್ಟ ಮನೆ ಮಿತವಾಗಿತ್ತು, ಒಳ್ಳೆಯ ಮನೆ ದುಂದಾಗಿತ್ತು.

ನಿರ್ದೇಶಕರು ಪಟ್ಟಿಯನ್ನು ತಲೆಕೆಳಗು ಹಿಡಿದೂ ನೋಡಿದರು. "ಹಾಗಾದ್ರೆ ಇಷ್ಟು ವರ್ಷ ನಾವು ಕೊಟ್ಟಿದ್ದು ಏನ್ರೀ?" ಎಂದರು.

"ಅದೇ ಗೊತ್ತಾಗ್ತಿಲ್ಲ ಸರ್" ಎಂದರು ಸಾಹೇಬರು. ಹೊರಗೆ ಬಂದಮೇಲೆ ಅವರ ಮುಖ ಮದುವೆ ಮನೆಯವರ ಮುಖದಂತೆ ಅರಳಿತ್ತು. ನಾನು ಗೊಂದಲದಿಂದ ನೋಡಿದೆ. "ಏನಮ್ಮಾ, ತಲೆ ಕೆಟ್ಟಿತಾ? ಸದ್ಯ. ಇನ್ಮೇಲೆ ಕೆಲಸ ಶುರು" ಎಂದರು. ಅವರ ಜೊತೆ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ, ಅರ್ಥವಾಯಿತು ಎಂದವರಿಗಿಂತ ಅರ್ಥವಾಗಲಿಲ್ಲ ಎಂದವರಿಗೇ ಅವರು ಹೆಚ್ಚು ಮರ್ಯಾದೆ ಕೊಟ್ಟದ್ದನ್ನು ನೋಡಿದ್ದೇನೆ. ಆ ಮರ್ಯಾದೆಗೆ ನನ್ನಷ್ಟು ಪಾತ್ರಳಾದವಳು ಇನ್ನೊಬ್ಬಳಿಲ್ಲ.

ಅರವತ್ತರಲ್ಲಿ ಐವತ್ತೊಂಬತ್ತು ಮನೆಗಳು ಹೀಗೆ ದಿಕ್ಕಿಗೊಂದಾಗಿ ಓಡಿದ್ದರೆ, ಒಂದೇ ಒಂದು ಮನೆ ಮಾತ್ರ ಒಂದು ಯೂನಿಟ್ಟೂ ಹೆಚ್ಚುಕಡಿಮೆಯಿಲ್ಲದೆ ತಾಳೆಯಾಗಿತ್ತು. ಪಟ್ಟಿಯ ಹದಿನೇಳನೆಯ ಸಾಲು: ಮೂರನೇ ದರ್ಜೆ, ಕಾಗದದ ಲೆಕ್ಕ ೪,೧೮೦, ಮೀಟರಿನ ಲೆಕ್ಕ ೪,೧೮೦. ಅದು ಎರಡು ಕೋಣೆಯ ಸಣ್ಣ ಮನೆ. ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ತೂಗಿಸುವ ಹೆಂಗಸು, ಒಂಬತ್ತು ವರ್ಷದ ಅವರ ಮಗಳು, ಇಬ್ಬರೇ ಇದ್ದರು. ನಾಲ್ಕು ಜನರ ಕಾಗದದ ಸಂಸಾರಕ್ಕೂ ಇವರಿಗೂ ಎತ್ತಣಿಂದೆತ್ತ ಸಂಬಂಧವೋ ಯಾರಿಗೂ ಹೊಳೆಯಲಿಲ್ಲ. ಆದರೆ ಸಾಹೇಬರು ಮೇಜು ಕುಟ್ಟಿ, "ಕೊನೆಗೂ ಸಿಕ್ಕಿದ್ರಲ್ಲ ತಾಯಿ!" ಎಂದು ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ.

ನಿರ್ದೇಶಕರಿಗಂತೂ ಹೋದ ಜೀವ ಬಂದಂತಾಯಿತು. ಒಂದಾದರೂ ಸರಿಯಿದೆಯಲ್ಲ! ಎರಡೇ ತಿಂಗಳಲ್ಲಿ ಆ ಮನೆಯ ಬಾಗಿಲ ಪಕ್ಕದಲ್ಲಿ 'ಮಾದರಿ ಮನೆ, ವರ್ಷಕ್ಕೆ ೪,೧೮೦ ಯೂನಿಟ್' ಎಂದು ಹಿತ್ತಾಳೆಯ ಫಲಕ ಬಿತ್ತು. ಸಾಹೇಬರೇ ಮುಂದೆ ನಿಂತು ಮೊಳೆ ಹೊಡೆಸಿದರು, ಅಂದಿನ ಮೀಟರ್ ಅಂಕಿಯನ್ನು ತಾವೇ ಓದಿ ಬರೆದುಕೊಂಡರು. ಅದೇ ವರ್ಷ, ಕಾಗದಕ್ಕೂ ಬಳಕೆಗೂ ಹೊಂದದ ಮನೆಗಳ ಗೋಡೆ ಕೊರೆದು ನೋಡಿ, ಟೊಳ್ಳಾಗಿದ್ದರೆ ಹೊದಿಕೆ ತುಂಬಿಕೊಡುವ ಕೆಲಸವೂ ಶುರುವಾಯಿತು. ಆ ಬೀದಿಯಲ್ಲಿ ಏಳು ಮನೆಗಳ ಗೋಡೆ ತುಂಬಿದರು. ಹದಿನೇಳನೇ ಮನೆಗೆ ಯಾರೂ ಹೋಗಲಿಲ್ಲ. ಸರಿಯಿರುವ ಮನೆಯ ಗೋಡೆಯನ್ನು ಯಾರು ಕೊರೆಯುತ್ತಾರೆ?

ಈಗ ನನ್ನ ವಿಷಯ. ಅರವತ್ತು ಮನೆಗಳ ಚೀಟಿಗಳಿಂದ ಶುದ್ಧಪ್ರತಿ ಬರೆದವಳು ನಾನು. ಎಡಗಡೆ ಕಾಗದದ ಅಂಕಿ, ಬಲಗಡೆ ಮೀಟರಿನ ಅಂಕಿ. ಫಲಕ ಹಾಕಿ ಆರು ತಿಂಗಳಾದಮೇಲೆ, ಮಳೆಗಾಲದ ಕೋಟಿನ ಒಳಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಹದಿನೇಳನೇ ಮನೆಯ ಮೀಟರ್ ಚೀಟಿ, ನನ್ನದೇ ಕೈಬರಹ. ಅದರಲ್ಲಿದ್ದ ಅಂಕಿ ೬,೯೩೦. ಶುದ್ಧಪ್ರತಿ ಬರೆಯುವ ದಿನ ಆ ಚೀಟಿ ಉಳಿದವುಗಳ ಜೊತೆ ಇರಲೇ ಇಲ್ಲ. ಕಣ್ಣು ತಪ್ಪಿ ಎಡಗಡೆಯ ಅಂಕಿಯನ್ನೇ ಬಲಗಡೆಗೂ ಇಳಿಸಿ ಮುಂದಿನ ಸಾಲಿಗೆ ಹೋಗಿದ್ದೆ. ಒಂದು ಮನೆಗೆ ಎರಡೂ ಕಡೆ ಒಂದೇ ಅಂಕಿ ಬಂದರೆ ಬರೆದವಳ ಕಣ್ಣನ್ನು ಮೊದಲು ಅನುಮಾನಿಸಬೇಕಿತ್ತು. ಸಾಹೇಬರು ನನ್ನನ್ನು ಅನುಮಾನಿಸಲಿಲ್ಲ, ಮನೆಯನ್ನು ಮೆಚ್ಚಿಕೊಂಡರು.

ಅಂದೇ ಹೇಳಬೇಕಿತ್ತು. ಮೊದಲ ತಪ್ಪಿಗೆ ಅವರು ಪಡೆದ ಎಚ್ಚರಿಕೆ ಪತ್ರ ಕಣ್ಣೆದುರು ಬಂತು. ಹಿತ್ತಾಳೆಯ ಫಲಕವೂ ಬಂತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಹಾಗೆ ನಾಳೆ ನಾಳೆ ಎನ್ನುತ್ತಲೇ ವರ್ಷ ತುಂಬಿತು, ಸಾಹೇಬರು ಕಾರ್ಡ್ ಹಾಕಿ ಹದಿನೇಳನೇ ಮನೆಗೆ ಮೀಟರ್ ಓದಲು ಹೋದರು. ನನ್ನ ಬಂಡವಾಳ ಬಯಲಾಗುತ್ತದೆಂದು ಅಂದು ಬಾಗಿಲ ಕಡೆಗೇ ನೋಡುತ್ತ ಕೂತೆ. ಮಧ್ಯಾಹ್ನ ಬಂದವರೇ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು: ೪,೧೮೪.

ಓದುಗರೇ, ನನ್ನ ಸ್ಥಿತಿಯನ್ನು ಊಹಿಸಿಕೊಳ್ಳಿ. ನಾನು ಕಣ್ಣುತಪ್ಪಿ ಬರೆದ ಅಂಕಿಯನ್ನು ಮೀಟರೇ ಒಪ್ಪಿಕೊಂಡಿತ್ತು. ಮೀಟರಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನನಗೆ ಕಲಿಸಿದವರೇ ಅದನ್ನು ಓದಿ ತಂದಿದ್ದರು. ಹಾಗಾದರೆ ತಪ್ಪಿದ್ದು ಚೀಟಿಯೇ? ಬೇರೆ ಮನೆಯ ಅಂಕಿಯನ್ನು ಚೀಟಿಗೆ ಬರೆದುಕೊಂಡಿದ್ದೆನೇ? ಬಾಗಿಲು ತಪ್ಪಿ ಅಳೆದ ಇತಿಹಾಸವುಳ್ಳ ನನಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ. ನಂಬಿದರೆ ಅನುಕೂಲವೂ ಇತ್ತು. ಮರುವರ್ಷ ೪,೧೭೯. ಅದರ ಮರುವರ್ಷ ೪,೧೮೧. ಹೀಗೆ ಹನ್ನೊಂದು ವರ್ಷ. ಪ್ರತಿವರ್ಷವೂ ಸಾಹೇಬರು ಇನ್ನಷ್ಟು ಗೊಂದಲಗೊಂಡು, ಇನ್ನಷ್ಟು ಸಂತೋಷಪಟ್ಟರು. "ಒಂದು ವರ್ಷ ಆಗಿದ್ರೆ ಅದೃಷ್ಟ ಅನ್ನಬಹುದಿತ್ತು. ಹನ್ನೊಂದು ವರ್ಷ! ಅಲ್ಲೇನೋ ಇದೆ ತಾಯಿ. ನಿವೃತ್ತಿ ಆದ್ಮೇಲೆ ಅದೊಂದನ್ನೇ ಹಿಡ್ಕೊಂಡು ಕೂತ್ಕೋತೀನಿ" ಎಂದರು. ನಾನು ಚೀಟಿಯನ್ನು ಎಸೆಯಲೂ ಇಲ್ಲ, ತೋರಿಸಲೂ ಇಲ್ಲ.

ಈ ಹನ್ನೊಂದು ವರ್ಷಗಳಲ್ಲಿ ಆ ಮನೆಗೆ ಅವರು ಮಾಡಿದ ಉಪಕಾರವನ್ನೂ ದಾಖಲಿಸಬೇಕು. ಹೋದಾಗಲೆಲ್ಲ ಹೊಲಿಗೆ ಬಿಚ್ಚಿದ ಒಂದು ಕೋಟನ್ನೋ ಷರಟನ್ನೋ ಒಯ್ಯುತ್ತಿದ್ದರು. ಅವರ ಮನೆಯಲ್ಲಿ ಅಷ್ಟು ಹರಿದ ಬಟ್ಟೆ ಎಲ್ಲಿಂದ ಬರುತ್ತಿತ್ತೋ ಕಾಣೆ. ನಮ್ಮ ಕಚೇರಿಯ ಎಲ್ಲ ಕಿಟಕಿಗಳಿಗೂ ದಪ್ಪ ಪರದೆ ಬೇಕೆಂದು ಹಟಹಿಡಿದು, ಆ ಕೆಲಸವನ್ನು ಆಕೆಗೇ ಕೊಡಿಸಿದರು. ಆ ಪರದೆಗಳನ್ನು ನೋಡಿ ಪಕ್ಕದ ಎರಡು ಕಚೇರಿಗಳವರೂ ಆಕೆಯನ್ನೇ ಕರೆದರು. ಮಗಳಿಗೆ ಮೀಟರ್ ಓದುವುದನ್ನು ಕಲಿಸಿದವರೂ ಅವರೇ. ಆ ಹುಡುಗಿ ಈಗ ಇಪ್ಪತ್ತರ ಹರೆಯದಲ್ಲಿ ಕಾಲೇಜಿನಲ್ಲಿ ಓದುತ್ತಿದ್ದಾಳೆ.

ಕಳೆದ ತಿಂಗಳು ಸಂಪಾದಕ ಮಂಡಳಿ ಈ ಗ್ರಂಥಕ್ಕೆ ಮಾದರಿ ಮನೆಯ ಫೋಟೋ ಬೇಕೆಂದಿತು. ಗಡಿಬಿಡಿಯಲ್ಲಿ ನಾನು ಕಾರ್ಡ್ ಹಾಕುವುದನ್ನು ಮರೆತು, ಕೊರೆಯುವ ಚಳಿಯ ಒಂದು ಬೆಳಿಗ್ಗೆ ಹತ್ತು ಗಂಟೆಗೆ ನೇರವಾಗಿ ಹೋಗಿ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಹೊಲಿಗೆಯಮ್ಮ ಮನೆಯೊಳಗೇ ಕೋಟು ತೊಟ್ಟಿದ್ದರು, ತಲೆಗೆ ಉಣ್ಣೆಯ ಬಟ್ಟೆ ಸುತ್ತಿದ್ದರು, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿದ್ದರು. ನನ್ನನ್ನು ಕಂಡು ಅವರಿಗೆ ಆದ ಗಾಬರಿ ಹೇಳತೀರದು.

"ಅಯ್ಯೋ, ಕಾರ್ಡೇ ಬರ್ಲಿಲ್ವಲ್ಲ ಮೇಡಂ! ಒಂದ್ನಿಮಿಷ ತಡೀರಿ, ಹೀಟರ್ ಹಾಕ್ಬಿಡ್ತೀನಿ. ಸಾಹೇಬ್ರು ಬರೋ ದಿನ ಬೆಳಿಗ್ಗೇನೇ ಹಾಕಿರ್ತೀನಿ, ಅವರು ಬರೋಷ್ಟರಲ್ಲಿ ಹದಕ್ಕೆ ಬಂದಿರತ್ತೆ."

"ಬೇರೆ ದಿನ?"

"ಬೇರೆ ದಿನ ಹಾಕಿದ್ರೆ ನಂಬರು ಕೆಡಲ್ವಾ?" ಎಂದು, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನೇ ನೋಡಿದರು.

ಹೊಲಿಗೆ ಯಂತ್ರ ಅಡುಗೆಮನೆಯಲ್ಲಿತ್ತು, ಒಲೆಯ ಪಕ್ಕದಲ್ಲಿ, ಮುಂದೆ ಒಂದು ಸ್ಟೂಲು. ಮಗಳು ಕೋಟು, ಕಾಲುಚೀಲ ಹಾಕಿಕೊಂಡು ಅಲ್ಲೇ ಮೂಲೆಯಲ್ಲಿ ಓದುತ್ತಿದ್ದಳು. ಹೀಟರಿದ್ದ ಮುಂದಿನ ಕೋಣೆಯ ಕುರ್ಚಿಗೆ ಬೆಡ್‌ಶೀಟ್ ಮುಚ್ಚಿತ್ತು. ಮೀಟರಿನ ಕೆಳಗೆ ಒಂದೇ ಮೊಳೆಗೆ ಹನ್ನೊಂದು ಕ್ಯಾಲೆಂಡರುಗಳು ತೂಗುತ್ತಿದ್ದವು, ಪ್ರತಿ ಭಾನುವಾರದ ಚೌಕದಲ್ಲೂ ಒಂದೊಂದು ಅಂಕಿ.

"ವಾರಕ್ಕೆ ಎಂಬತ್ತು" ಎಂದಳು ಮಗಳು. "ಬೇಸಿಗೇಲಿ ಉಳಿಸಿದ್ದನ್ನ ಚಳೀಲಿ ಖರ್ಚು ಮಾಡ್ಬಹುದು. ಜಾಸ್ತಿ ಆದ್ರೆ ಬಿಸಿನೀರಿಗೆ ರಜ. ವರ್ಷದ ಕೊನೇಲಿ ಏನಾದ್ರೂ ಮಿಕ್ಕಿದ್ರೆ ಎರಡು ದಿನ ಹೀಟರ್ ಹಾಕ್ತೀವಿ. ಕಮ್ಮಿ ಆದ್ರೂ ತಾಳೆ ಆಗಲ್ವಲ್ಲ ಆಂಟಿ. ಆ ಎರಡು ದಿನ ಕೋಟು ಬಿಚ್ಚಿ ಕೂರ್ತೀವಿ."

ಯಾಕೆ ಹೀಗೆ ಮಾಡಿದಿರಿ ಎಂದು ನಾನು ಕೇಳುವ ಮೊದಲೇ ಹೊಲಿಗೆಯಮ್ಮನೇ ಹೇಳಿದರು: "ಅರವತ್ತು ಮನೇಲಿ ನಿಮ್ಮದೊಂದೇ ಸರಿಯಾಗಿದ್ದು ಅಂತ ಸಾಹೇಬ್ರು ಬಾಯ್ತುಂಬ ಹೇಳಿದ್ರು. ಪಾಪ, ಎಷ್ಟು ಖುಷಿ ಅವರಿಗೆ! ಅವರಿಂದ ನನಗೆ ಕೆಲಸ ಸಿಕ್ಕಿದೆ, ನಾಲ್ಕು ಜನ ಗುರುತಿಸೋ ಹಾಗಾಗಿದೆ. ಅಂಥವರ ಲೆಕ್ಕಾನ ನಾನು ಕೆಡಿಸ್ಲಾ?"

ನಾನು ಅಲ್ಲೇ ಆ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಚೀಟಿಯನ್ನೂ ಕೊಟ್ಟೆ, ಹನ್ನೊಂದು ವರ್ಷ ಅದು ನನ್ನ ಕೈಚೀಲದಲ್ಲೇ ಇತ್ತು. ಆಕೆ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. "ಆರು ಸಾವಿರದ ಒಂಬೈನೂರ ಮೂವತ್ತು. ಅಂದ್ರೆ ಆ ಮೊದಲ ವರ್ಷ ನಾವು ಸರಿಯಾಗೇ ಇದ್ವಿ ಅನ್ನಿ" ಎಂದರು. ಚೀಟಿಯನ್ನು ಮಡಚಿ ನನ್ನ ಕೈಗೆ ಹಿಂದಿರುಗಿಸುತ್ತ, "ನನಗೂ ಆಗ್ಲೇ ಅನುಮಾನ ಬಂದಿತ್ತು, ಅಷ್ಟು ಕಮ್ಮಿ ಹೆಂಗೆ ಬಂತು ಅಂತ. ಹಿತ್ತಾಳೇಲಿ ಕೆತ್ತಿಸಿದಾರಲ್ಲ, ನಮ್ಮದೇ ಏನೋ ತಪ್ಪಿರ್ಬೇಕು ಅಂದ್ಕೊಂಡೆ" ಎಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಗಳು ಪುಸ್ತಕ ಮುಚ್ಚಿ, "ಹನ್ನೊಂದು ವರ್ಷ ಆಂಟಿ" ಎಂದಳು. ಅಷ್ಟೇ. ಒಂಬತ್ತರಿಂದ ಇಪ್ಪತ್ತರವರೆಗಿನ ಆ ಹುಡುಗಿಯ ಚಳಿಗಾಲಗಳು ನನ್ನಿಂದ ಹೋದವು. ಯಾವ ಕಾಲಂನಲ್ಲಿ ಏನು ತಿದ್ದಿದರೂ ಅವು ಬರುವುದಿಲ್ಲ.

ಹೊರಡುವಾಗ ಹೊಲಿಗೆಯಮ್ಮ ಬಾಗಿಲವರೆಗೆ ಬಂದರು. "ಸಾಹೇಬ್ರಿಗೆ ನೀವೇ ಹೇಳಿ. ಬೇಜಾರಾಗ್ತಾರೆ, ಆದ್ರೂ ಹೇಳಿ" ಎಂದವರು, ಫಲಕದ ಮೇಲೆ ಕೈಯಾಡಿಸುತ್ತ ಧ್ವನಿ ತಗ್ಗಿಸಿ, "ತಾಳೆ ಆಗದಿದ್ರೆ ಅವರು ಇನ್ನು ಬರಲ್ವೇನೋ, ಅಲ್ವಾ?" ಎಂದು ಕೇಳಿದರು.

ಮರುದಿನ ನಾನು ನನ್ನ ತಪ್ಪನ್ನು ಬರೆದು, ಚೀಟಿಯ ಸಮೇತ ಈಗಿನ ನಿರ್ದೇಶಕರಿಗೆ ಕೊಟ್ಟೆ. ನನ್ನ ಮೇಲೆ ಏನು ಕ್ರಮವಾಗುತ್ತದೋ ಆಗಲಿ. ಈ ಸಲದ ಎಚ್ಚರಿಕೆ ಪತ್ರ ಯಾರ ಹೆಸರಿಗೆ ಹೋಗಬೇಕೋ ಅವರ ಹೆಸರಿಗೇ ಹೋಗಲಿ. ಮೊನ್ನೆ ಆ ಮನೆಯ ಗೋಡೆ ಕೊರೆದು ನೋಡಿದರು. ಕಟ್ಟಿದ ವರ್ಷ ನೋಡಿ ನಾವು ಊಹಿಸಿದ್ದ ಹೊದಿಕೆ ಅಲ್ಲಿ ಇಲ್ಲ, ಗೋಡೆ ಪೂರಾ ಟೊಳ್ಳು. ಬರುವ ತಿಂಗಳು ತುಂಬುತ್ತಾರೆ. ಸಾಹೇಬರಿಗೆ ಮುಖಾಮುಖಿ ಹೇಳಬೇಕೆಂದು ಮೂರು ಸಲ ಅವರ ಕೋಣೆಗೆ ಹೋದೆ. ಮೂರು ಸಲವೂ ಅವರು, "ಬಾಮ್ಮ, ಹದಿನೇಳನೇ ಮನೆಗೆ ಒಂದು ಹೊಸ ಊಹೆ ಹೊಳೆದಿದೆ" ಎಂದು ಉತ್ಸಾಹದಿಂದ ಶುರುಮಾಡಿದರು, ನಾನು ಕೇಳಿಸಿಕೊಂಡು ತಲೆಯಾಡಿಸಿ ಎದ್ದುಬಂದೆ. ಹಾಗಾಗಿ ಇದು ಅವರಿಗೆ ತಿಳಿಯುವುದು ಈ ಪುಟದಿಂದಲೇ. ಹೇಡಿತನವೆಂದು ಒಪ್ಪುತ್ತೇನೆ.

ಈ ಲೇಖನಕ್ಕೆ ನೆರವಾಗಲೆಂದು ಅವರು ತಮ್ಮ ಕಪ್ಪು ರಟ್ಟಿನ ಪುಸ್ತಕವನ್ನು ನನಗೆ ಕೊಟ್ಟಿದ್ದಾರೆ. ಹದಿನೇಳನೇ ಮನೆಯ ಪುಟಗಳಲ್ಲಿ ಹನ್ನೊಂದು ಭೇಟಿಗಳ ವಿವರವಿದೆ. ಕೋಣೆ ಬೆಚ್ಚಗಿದೆ, ಪಾದಕ್ಕೆ ಗಾಳಿಯಿಲ್ಲ, ಮನೆಯವರು ಲವಲವಿಕೆಯಿಂದಿದ್ದಾರೆ. ಪ್ರತಿ ಭೇಟಿಯ ಕೆಳಗೂ ಅದೇ ದುಂಡನೆಯ ಅಕ್ಷರದಲ್ಲಿ ಒಂದು ಸಾಲು: 'ಕುರ್ಚಿ ಸವೆದಿಲ್ಲ. ಏಕೆ?' ಹನ್ನೊಂದು ಸಲ ಕೇಳಿಕೊಂಡಿದ್ದಾರೆ. ಸರ್, ಆ ಕುರ್ಚಿಯಲ್ಲಿ ವರ್ಷಕ್ಕೊಮ್ಮೆ ನೀವೊಬ್ಬರೇ ಕೂತಿದ್ದೀರಿ.

ಹಿರಿಯರಿಗೆ ಆಯುರಾರೋಗ್ಯವನ್ನೂ ಬತ್ತದ ಕಾರ್ಯೋತ್ಸಾಹವನ್ನೂ ಹಾರೈಸಿ ಲೇಖನ ಮುಗಿಸಬೇಕು. ಆಯುಷ್ಯವನ್ನು ನೂರು ತುಂಬಿ ಮಿಗುವಷ್ಟು ಹಾರೈಸುತ್ತೇನೆ, ಅದರಲ್ಲಿ ನನಗೆ ಗೊಂದಲವಿಲ್ಲ. ಕೆಲಸದ ವಿಷಯದಲ್ಲಿ ಮಾತ್ರ ಒಂದು ಬೇಡಿಕೆ. ಈ ವರ್ಷವೂ ಹದಿನೇಳನೇ ಮನೆಗೆ ಹೋಗಿ ಸರ್. ಕಾರ್ಡ್ ಹಾಕಬೇಡಿ. ಮುಂದಿನ ಕೋಣೆಯ ಕುರ್ಚಿ ತೋರಿಸಿದರೆ ಬೇಡವೆಂದು, ಅಡುಗೆಮನೆಯ ಸ್ಟೂಲಿನ ಮೇಲೆ ಒಂದು ಗಂಟೆ ಕೂತುಕೊಳ್ಳಿ. ಅಂಕಿ ಈ ಸಲ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೂ ನೀವು ಬರುತ್ತೀರೆಂದು ಆಕೆಗೆ ನಾನು ಹೇಳಿದರೆ ನಂಬುವುದಿಲ್ಲ, ನೀವೇ ಹೋಗಿ ಹೇಳಬೇಕು.